ತಾನೇ ಮುಚ್ಚಿಕೊಳ್ಳುವ ಬೀರು

ಬೀಜಿಂಗ್‌ನಲ್ಲಿದ್ದ ಮೂರು ವರ್ಷದಲ್ಲಿ ನಮ್ಮ ಯಜಮಾನರಿಗೆ ಚೀನೀ ಭಾಷೆ ಬರಲಿಲ್ಲ. ಕಡ್ಡಿ ಹಿಡಿದು ಅನ್ನ ತಿನ್ನೋದೂ ಬರಲಿಲ್ಲ. ಅಂಟಿಕೊಂಡಿದ್ದು ಒಂದೇ, ಹಳೇ ಬೀರುಗಳ ಹುಚ್ಚು.

ಸುಮ್ನೆ ನೋಡಿಕೊಂಡು ಬರೋಣ ಅಂತ ಒಂದು ಶನಿವಾರ ಪಾನ್‌ಜಿಯಾಯುವಾನ್ ಸಂತೆಗೆ ಹೋಗಿದ್ದೇ ತಪ್ಪಾಯಿತು. ಹಳೇ ಸಾಮಾನಿನ ಸಂತೆ ಅದು. ಬೆಳಕು ಹರಿಯುವ ಮೊದಲೇ ಜನ ಟಾರ್ಚ್ ಹಿಡಿದು ಬರುತ್ತಾರೆ. ಊರಲ್ಲಿ ಎಂಟು ಗಂಟೆಗೆ ಕಾಫಿ ಲೋಟ ಮೂಗಿಗೆ ಹಿಡಿದರೂ ಏಳದ ಮನುಷ್ಯ, ಇಲ್ಲಿ ಪ್ರತಿ ಶನಿವಾರ ನಾಲ್ಕಕ್ಕೆ ಅಲಾರಂ ಇಡತೊಡಗಿದರು.

ಆಮೇಲೆ ಮನೆಯಲ್ಲಿ ಮರದ್ದೇ ಮಾತು. ಹೈನಾನ್ ದ್ವೀಪದ ಹ್ವಾಂಗ್‌ಹ್ವಾಲಿ ಮರಕ್ಕೆ ಜೇನಿನ ಬಣ್ಣವಂತೆ, ಸಣ್ಣ ಪರಿಮಳವಂತೆ. ಅದರ ಗಂಟುಗಳಿಗೆ ‘ದೆವ್ವದ ಮುಖ’ ಅಂತ ಹೆಸರು. ದೆವ್ವ ಜಾಸ್ತಿ ಇದ್ದಷ್ಟೂ ಸಂಗ್ರಾಹಕರಿಗೆ ಖುಷಿ. ಇನ್ನೊಂದು ಮರದ ಹೆಸರು ಕೋಳಿರೆಕ್ಕೆ. ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದರೆ ಇವರು ಹಿಂದೆ ನಿಂತು, “1567ರಲ್ಲಿ ಮಿಂಗ್ ವಂಶದ ದೊರೆ ಕಡಲ ವ್ಯಾಪಾರಕ್ಕಿದ್ದ ನಿಷೇಧ ಸಡಿಲಿಸಿದ ನೋಡು, ಆಮೇಲೆ ಗಟ್ಟಿ ಮರ ಹಡಗು ಹಡಗು ಬಂತು” ಎನ್ನುತ್ತಿದ್ದರು. ಸಾಸಿವೆ ಸೀದುಹೋಗುತ್ತಿತ್ತು.

ಇವರ ಪಾಲಿನ ದೇವರು ವಾಂಗ್ ಶಿಶಿಯಾಂಗ್. ಚೀನಾದ ಹಳೇ ಪೀಠೋಪಕರಣಗಳನ್ನು ಜೀವಮಾನವಿಡೀ ಹುಡುಕಿ ಉಳಿಸಿದ ವಿದ್ವಾಂಸ. ಅವರು ಕೂಡಿಟ್ಟ 79 ಸಾಮಾನು ಈಗ ಶಾಂಘೈ ಮ್ಯೂಸಿಯಂನಲ್ಲಿವೆ. 1976ರ ತಾಂಗ್‌ಶಾನ್ ಭೂಕಂಪದ ಸಮಯದಲ್ಲಿ, ಸೋರುವ ಮನೆಯಲ್ಲಿ, ಅವರು ತಮ್ಮ ದೊಡ್ಡ ಬೀರುವಿನೊಳಗೇ ಮಲಗುತ್ತಿದ್ದರಂತೆ. ಈ ಕಥೆ ಹೇಳುವಾಗ ನಮ್ಮವರ ಕಣ್ಣಲ್ಲಿ ನೀರು. ನನಗೆ ಮಾತ್ರ ಅವರ ಹೆಂಡತಿಯ ಯೋಚನೆ.

ಕೊನೆಗೂ ಬೀರು ಬಂತು. ಗಾವ್‌ಬೇಡಿಯನ್ ಬೀದಿಯ ಉದ್ದಕ್ಕೂ ಇಂಥವೇ ಅಂಗಡಿಗಳು. ಒಂದು ಅಂಗಡಿಯವನು “ಮಿಂಗ್, ಹ್ವಾಂಗ್‌ಹ್ವಾಲಿ” ಅಂದ. ಕ್ಯಾಲ್ಕುಲೇಟರ್‌ನಲ್ಲಿ ಅರವತ್ತು ಸಾವಿರ ಯುವಾನ್ ಒತ್ತಿ ತೋರಿಸಿದ. ಇವರು ಹತ್ತು ಒತ್ತಿದರು. ಅವನು ಎದೆ ಹಿಡಿದುಕೊಂಡ. ಹದಿನೆಂಟಕ್ಕೆ ಮುಗಿಯಿತು. 2015ರಲ್ಲಿ ನ್ಯೂಯಾರ್ಕ್ ಹರಾಜಿನಲ್ಲಿ ಹ್ವಾಂಗ್‌ಹ್ವಾಲಿಯ ನಾಲ್ಕು ಕುರ್ಚಿಗಳು 96 ಲಕ್ಷ ಡಾಲರ್‌ಗೂ ಮೇಲೆ ಹೋಗಿದ್ದವು ಅಂತ ನನಗೆ ಹೇಳಿಕೊಟ್ಟವರು ಇವರೇ. ಹಾಗಿದ್ದರೆ ಇಡೀ ಬೀರು ಇಷ್ಟು ಅಗ್ಗಕ್ಕೆ ಹೇಗೆ ಸಿಕ್ಕಿತು ರೀ ಅಂದರೆ, “ಅವನಿಗೆ ಅದರ ಬೆಲೆ ಗೊತ್ತಿಲ್ಲ” ಅಂದರು.

ಲಿಫ್ಟಿನಲ್ಲಿ ಬೀರು ಹಿಡಿಸಲಿಲ್ಲ. ಹೊತ್ತು ತಂದ ಇಬ್ಬರು ಹುಡುಗರು ಬಾಗಿಲನ್ನು ಸ್ವಲ್ಪ ಮೇಲಕ್ಕೆತ್ತಿ, ಕೆಳಗಿನ ತುದಿ ಈಚೆಗೆಳೆದು ತೆಗೆದೇಬಿಟ್ಟರು. ಕಬ್ಬಿಣದ ತಿರುಗಣೆಯಿಲ್ಲ, ಮೊಳೆಯಿಲ್ಲ. ಬಾಗಿಲಿನ ಚೌಕಟ್ಟಿಗೇ ಮೇಲೆ ಕೆಳಗೆ ಮೂಳೆಯ ಹಾಗೆ ಗೂಟ, ಅದು ಕೂರೋದಕ್ಕೆ ಗುಳಿ, ಅಷ್ಟೇ. ನಿಜ ಹೇಳ್ತೀನಿ, ಆ ಕ್ಷಣ ನನಗೂ ಮನಸ್ಸು ಸೋತಿತು. ಒಂಬತ್ತನೇ ಮಹಡಿ ಮುಟ್ಟುವ ಹೊತ್ತಿಗೆ ಆ ಹುಡುಗರು ಇನ್ನೂರು ಯುವಾನ್ ಜಾಸ್ತಿ ಕೇಳಿದರು. ಸೋತಿದ್ದ ಮನಸ್ಸು ವಾಪಸ್ ಬಂತು.

ಇಂಥ ಬೀರುಗಳ ಮೈ ಮೇಲಕ್ಕೆ ಹೋಗ್ತಾ ಕೂದಲೆಳೆಯಷ್ಟು ಕಿರಿದಾಗುತ್ತದೆ. ಹಾಗೆ ವಾಲಿರೋದರಿಂದ, ಬಾಗಿಲು ತೆಗೆದು ಕೈಬಿಟ್ಟರೆ ತನ್ನ ಭಾರಕ್ಕೆ ತಾನೇ ಮುಚ್ಚಿಕೊಳ್ಳಬೇಕು. ಬಂದ ನೆಂಟರಿಗೆಲ್ಲ ಇವರು, “ಕೈಬಿಡಿ, ಮ್ಯಾಜಿಕ್ ನೋಡಿ” ಅನ್ನುತ್ತಿದ್ದರು. ನಮ್ಮದು ಮುಚ್ಚಿದರೆ ತಾನೇ ತೆರೆದುಕೊಳ್ಳುತ್ತಿತ್ತು.

ಅಷ್ಟರಲ್ಲಿ ತಿಪಟೂರಿನಿಂದ ಅತ್ತೆ ಬಂದರು. ನವೆಂಬರ್ 15ಕ್ಕೆ ಬೀಜಿಂಗ್‌ನ ಮನೆಗಳಿಗೆಲ್ಲ ಕೋಣೆ ಬೆಚ್ಚಗಿಡುವ ಬಿಸಿನೀರಿನ ಕೊಳವೆ ಶುರುವಾಗುತ್ತದೆ. ಹೊರಗೆ ಚಳಿ, ಒಳಗೆ ಹಪ್ಪಳ ಒಣಗುವಷ್ಟು ಶುಷ್ಕ. ಮಾರನೇ ರಾತ್ರಿಯಿಂದ ಬೀರುವಿನೊಳಗೆ ‘ಟಪ್’ ಅಂತ ಸದ್ದು, ಹಿಂದೆಯೇ ಕಿರ್ರನೆ ಬಾಗಿಲು ತೆರೆಯೋದು. ದೆವ್ವದ ಮುಖದ ವಿಷಯವನ್ನು ಮಗ ಮೊದಲೇ ಅಮ್ಮನಿಗೆ ವಿವರಿಸಿಯಾಗಿತ್ತು.

ಅತ್ತೆ ಹೆದರಿ ಕೂರುವವರಲ್ಲ. ಹಳೇ ಕ್ಯಾಲೆಂಡರ್ ಮಡಚಿ ಬೀರುವಿನ ಮುಂದಿನ ಎರಡು ಕಾಲಿನ ಕೆಳಗೆ ತುರುಕಿದರು. ಬೀರು ಚೂರು ಹಿಂದಕ್ಕೆ ವಾಲಿತು, ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಮಿಂಗ್ ಬಡಗಿಗಳು ಕಂಡುಹಿಡಿದದ್ದನ್ನು ಅತ್ತೆ ಎರಡು ನಿಮಿಷದಲ್ಲಿ ಮಾಡಿ ಮುಗಿಸಿದರು.

ಆ ಭಾನುವಾರ ನಾನು ತರಕಾರಿ ತಂದು ಬಾಗಿಲು ತೆಗೆದರೆ, ಅತ್ತೆ ಬೀರುವಿನ ಮುಂದೆ ನಿಂತು ವಿಷ್ಣು ಸಹಸ್ರನಾಮ ಹೇಳುತ್ತಿದ್ದಾರೆ. ಬೀರುವಿಗೆ ಹಿತ್ತಾಳೆ ಬೀಗ ಬಿದ್ದಿದೆ. ಒಳಗಿಂದ ದಬದಬ ಸದ್ದು.

“ಹಗಲು ಹೊತ್ತಲ್ಲೇ ಶುರುವಾಯ್ತು ಕಣೇ. ಒಳಗಡೆ ಬೆಳಕು ಬೇರೆ ಕಂಡಿತು. ಅದಕ್ಕೇ ಬೀಗ ಒತ್ತಿಬಿಟ್ಟೆ.”

“ಅತ್ತೆ, ಇವರೆಲ್ಲಿ?”

“ಅಮ್ಮಾ, ನಾನು ಕಣಮ್ಮಾ!” ಅಂತು ಬೀರು.

ಪಕ್ಕದ ಹಲಗೆ ಸೀಳಿದ್ದು ಕಂಡು ಇವರು ಟಾರ್ಚ್ ಹಿಡಿದು ಒಳಗೆ ಹೋಗಿ ಕೂತಿದ್ದರು. ಬಾಗಿಲು ತಾನೇ ಮುಚ್ಚಿಕೊಂಡಿತು. ಆ ಬೀಗ ಒತ್ತಿದರೆ ಬೀಳುತ್ತದೆ, ತೆಗೆಯೋದಕ್ಕೆ ಮಾತ್ರ ಬೀಗದ ಕೈ ಬೇಕು. ಅದು ಇವರ ಜೇಬಿನಲ್ಲಿ. ಸದ್ಯ, ಹಳೇ ಚೀನೀ ಬೀಗದ ಕೈ ಅಂದರೆ ತೆಳ್ಳಗಿನ ಹಿತ್ತಾಳೆ ಪಟ್ಟಿ. ಆ ಸೀಳಿನಿಂದಲೇ ಮೆಲ್ಲಗೆ ಹೊರಗೆ ಬಂತು.

ಗಲಾಟೆಗೆ ಪಕ್ಕದ ಮನೆಯ ತಾತ ಬಂದರು. ಸೀಳಿಗೆ ಮೂಗಿಟ್ಟು ಮೂಸಿದರು, ಉಗುರಿನಲ್ಲಿ ಕೆರೆದರು. ಟೀ ಬಣ್ಣದ ಕೆಳಗೆ ಬಿಳಿಚಿಕೊಂಡ ಮರ. “ಯೂಮು” ಅಂದರು. ಎಲ್ಮ್ ಮರ. ಹಳೇ ಕಾಲದವರು ಹಲಗೆಯನ್ನು ಚೌಕಟ್ಟಿನಲ್ಲಿ ಕೊರೆದ ತೋಡಿನೊಳಗೆ ಸಡಿಲವಾಗಿ ಕೂರಿಸುತ್ತಿದ್ದರಂತೆ. ಚಳಿಗಾಲಕ್ಕೆ ಕುಗ್ಗಲಿ, ಮಳೆಗಾಲಕ್ಕೆ ಹಿಗ್ಗಲಿ ಅಂತ. ನಮ್ಮದಕ್ಕೆ ಸುತ್ತಲೂ ಅಂಟು ಬಳಿದಿದ್ದರು. ಕುಗ್ಗೋಕೆ ಜಾಗವಿಲ್ಲದೆ ಸೀಳಿತ್ತು. ಕೆಡವಿದ ಮನೆಯ ತೊಲೆಯಿಂದ ಮಾಡಿದ್ದಿರಬೇಕು ಅಂತ ತಾತ ಏನೋ ಹೇಳಿದರು. ಮೊಬೈಲ್ ಅದನ್ನು ಕನ್ನಡಕ್ಕೆ ತಿರುಗಿಸಿತು: “ಮರ ಅಜ್ಜ, ಬೀರು ಮಗು.”

“ನೋಡಿದ್ಯಾ, ಮರ ಹಳೇದೇ!” ಅಂದರು ಇವರು. ಎರಡು ದಿನ ನಾನು ಮಾತಾಡಲಿಲ್ಲ.

ನನ್ನನ್ನು ಸಮಾಧಾನ ಮಾಡೋಕೆ ಅತ್ತೆಯ ಜೊತೆ ಮ್ಯೂಸಿಯಂಗೆ ಕರೆದುಕೊಂಡು ಹೋದರು. ಅದೂ ಎಂಥದ್ದು, ಮರದ್ದೇ! 1999ರಲ್ಲಿ ಚೆನ್ ಲಿಹ್ವಾ ಅನ್ನುವ ಉದ್ಯಮಿ ಕಟ್ಟಿಸಿದ್ದು. ಆಕೆಯ ಗಂಡ ಟಿವಿ ಧಾರಾವಾಹಿಯಲ್ಲಿ ಹ್ಯೂಯೆನ್ ತ್ಸಾಂಗ್ ಪಾತ್ರ ಮಾಡಿದ ನಟ. ನಮ್ಮ ಪುಲಕೇಶಿಯ ಕಾಲದಲ್ಲಿ ಬಂದು ಹೋದನಲ್ಲ, ಅದೇ ಹ್ಯೂಯೆನ್ ತ್ಸಾಂಗ್. ಒಳಗೆ ಎಲ್ಲಾ ಕಡೆ ಕಡುಗೆಂಪು ಬೀರು, ಮಂಚ, ಅರಮನೆಯ ಮಾದರಿಗಳು. “ಇದು ಜಿತಾನ್ ಅಮ್ಮ. ನೀರಲ್ಲಿ ಹಾಕಿದರೆ ಮುಳುಗುತ್ತೆ. ಚೀನಾದ ದೊರೆಗಳು ತಮ್ಮ ಅರಮನೆಗೇ ಅಂತ ಕೂಡಿಡ್ತಿದ್ದರು” ಅಂತ ಇವರು ಪಿಸುಗುಟ್ಟಿದರು.

ಅತ್ತೆ ಕನ್ನಡಕ ಏರಿಸಿ ನೋಡಿದರು. “ಇದು ರಕ್ತಚಂದನ ಕಣೋ. ನಿನ್ನ ಮೊಡವೆಗೆ ಸಾಣೆಕಲ್ಲಿನ ಮೇಲೆ ತೇದು ಹಚ್ತಿದ್ದೆನಲ್ಲ.”

ಇವರು ಮೊಬೈಲ್ ತೆಗೆದು ನೋಡಿದರು. ಹೌದು, ಅದೇ ಮರ. ಹುಟ್ಟೂರು ಆಂಧ್ರದ ಕಾಡು, ಕಡಪ, ಚಿತ್ತೂರು. ಅಲ್ಲೇ ನಿಂತು ತಿಪಟೂರಿಗೆ ತಮ್ಮನಿಗೆ ವಿಡಿಯೋ ಕಾಲ್ ಮಾಡಿದರು.

“ದೇವರ ಮನೇಲಿ ರಕ್ತಚಂದನದ ಕೊರಡು ಇತ್ತಲ್ಲ, ತೋರಿಸೋ!”

ತಮ್ಮ ಮೊಬೈಲ್ ಹಿಡಿದು ನಡುಮನೆಗೆ ನಡೆದ. ತೆರೆಯ ಮೇಲೆ ನಮ್ಮ ಮಾವನವರ ಕಾಲದ ಸ್ಟೀಲ್ ಬೀರು ಕಾಣಿಸಿತು. ಆಮೇಲೆ ಅದರ ಕಾಲು.

“ಇಲ್ಲೇ ಇದೆ ಕಣಣ್ಣ. ಬೀರು ಅಲ್ಲಾಡ್ತಿತ್ತು, ಕೆಳಗಿಟ್ಟಿದ್ದೀನಿ.”