ಡ್ಯಾಶ್‌ಬೋರ್ಡಿನ ಮೈಲಿಗಿಂತ ಲಾರಿಯವರ ಲೆಕ್ಕವೇ ವಾಸಿ

ಶಿರಾಡಿ ಘಾಟಿ ಹತ್ತುವ ಲಾರಿ ಡ್ರೈವರನ್ನು ‘ಗಾಡಿ ಎಷ್ಟು ಮೈಲೇಜ್ ಕೊಡುತ್ತೆ?’ ಅಂತ ಕೇಳಿ ನೋಡಿ. ‘ಲೋಡಿಗೋ, ಖಾಲಿಗೋ?’ ಅಂತ ಅವನೇ ತಿರುಗಿ ಕೇಳುತ್ತಾನೆ. ಇಲ್ಲಿ ಅಮೆರಿಕದಲ್ಲಿ ಎಲೆಕ್ಟ್ರಿಕ್ ಪಿಕಪ್ಪಿಗೆ ಟ್ರೈಲರ್ ಕಟ್ಟುವವರಲ್ಲಿ ಆ ಪ್ರಶ್ನೆ ಕೇಳಿಕೊಳ್ಳುವವರು ಕಡಿಮೆ. ಕಂಪನಿ ಹೇಳಿದ ರೇಂಜನ್ನು, ಅಂದರೆ ಒಂದು ಚಾರ್ಜಿಗೆ ಓಡುವ ದೂರವನ್ನು, ಅರ್ಧ ಮಾಡಿ, ಅಷ್ಟಕ್ಕೇ ಹೊರಟುಬಿಡುತ್ತಾರೆ. ಅರ್ಧ ಅನ್ನುವುದೂ ಉದಾರದ ಲೆಕ್ಕವೇ.

ಮೈಲಿ ಬಿಟ್ಟು ಯೂನಿಟ್ಟಿನಲ್ಲಿ ಎಣಿಸಬೇಕು. ಕರೆಂಟ್ ಬಿಲ್ಲಿನ ಯೂನಿಟ್ಟೇ ಇಲ್ಲಿ ಕಿಲೋವ್ಯಾಟ್-ಅವರ್. ಫೋರ್ಡ್ ಎಫ್-150 ಲೈಟ್ನಿಂಗ್ ಅನ್ನುವ ಎಲೆಕ್ಟ್ರಿಕ್ ಪಿಕಪ್ಪಿನ ದೊಡ್ಡ ಬ್ಯಾಟರಿ 131 ಯೂನಿಟ್, ಕಾಗದದ ಮೇಲೆ 320 ಮೈಲಿ. ಎತ್ತರದ ಕ್ಯಾಂಪರ್, ಅಂದರೆ ಮನೆಯಂಥ ಟ್ರೈಲರ್, ಎಳೆದರೆ ಯೂನಿಟ್ಟಿಗೆ ಹೆಚ್ಚುಕಡಿಮೆ ಒಂದೇ ಮೈಲಿ. ದಾರಿಯಲ್ಲಿ 80 ಪರ್ಸೆಂಟಿಗೆ ಚಾರ್ಜ್ ಮುಗಿಸಿ 10ಕ್ಕೆ ನಿಲ್ಲಿಸಿದರೆ ಕೈಗೆ ಸಿಗುವುದು 92 ಯೂನಿಟ್, ಅಂದರೆ 92 ಮೈಲಿ. ಎದುರುಗಾಳಿ ಬೀಸಿದರೆ ಅದೂ ಇಲ್ಲ. ಹಾಗಾಗಿ 70–75 ಮೈಲಿಗೊಂದು ನಿಲುಗಡೆ ಇಟ್ಟುಕೊಳ್ಳುವುದು ಒಳ್ಳೆಯದು. ಆ ಜಾಗದ ಚಾರ್ಜರ್ ಕೆಟ್ಟಿದ್ದರೆ ಮುಂದಿನದಕ್ಕೆ ಹೋಗುವಷ್ಟು ಉಳಿದಿರಬೇಕಲ್ಲ.

ಸಮತಟ್ಟು ರಸ್ತೆಯಲ್ಲಿ ಬ್ಯಾಟರಿ ತಿನ್ನುವುದು ತೂಕಕ್ಕಿಂತ ಹೆಚ್ಚಾಗಿ ಗಾಳಿ. ಮೂರು ಟನ್ ಹೇರಿದ ಬರೀ ಹಲಗೆಯಂಥ ತಗ್ಗು ಫ್ಲ್ಯಾಟ್‌ಬೆಡ್ ಟ್ರೈಲರಿಗಿಂತ ಎರಡೇ ಟನ್ನಿನ ಎತ್ತರದ ಕ್ಯಾಂಪರ್ ಹೆಚ್ಚು ಕುಡಿಯಬಹುದು. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: ಗಂಟೆಗೆ 65ರಿಂದ 55 ಮೈಲಿಗೆ ಇಳಿದರೆ ಸುಮಾರು 28 ಪರ್ಸೆಂಟ್ ಕಡಿಮೆ. ಕ್ಯಾಲಿಫೋರ್ನಿಯಾದಲ್ಲಂತೂ ಟ್ರೈಲರ್ ಕಟ್ಟಿದ ಗಾಡಿಗೆ 55ರ ಮಿತಿ ಕಾನೂನಿನಲ್ಲೇ ಇದೆ. ಪಾಲಿಸುವವರು ಎಷ್ಟು ಮಂದಿಯೋ!

ತೂಕ ಸೇಡು ತೀರಿಸಿಕೊಳ್ಳುವುದು ಏರಿನಲ್ಲಿ. ಗಾಡಿ, ಟ್ರೈಲರ್ ಸೇರಿ ಆರು ಟನ್ ಅಂತಿಟ್ಟುಕೊಳ್ಳಿ. ಸಾವಿರ ಅಡಿ ಏರಿಗೆ ಐದು ಯೂನಿಟ್ ಹೆಚ್ಚುವರಿ. ಲಾಸ್ ವೇಗಸ್ ದಾರಿಯಲ್ಲಿ ಬೇಕರ್ ಊರು ಸುಮಾರು 930 ಅಡಿ ಎತ್ತರದಲ್ಲಿದೆ, ಮೌಂಟನ್ ಪಾಸ್ 4,730 ಅಡಿ. ಆ ಏರಿಗೇ 19 ಯೂನಿಟ್, ಮೈಲಿಯ ಖರ್ಚು ಬೇರೆ. ಇಳಿಜಾರಿನಲ್ಲಿ ಬ್ರೇಕಿನಿಂದ ಒಂದಿಷ್ಟು ವಾಪಸ್ ಬರುತ್ತದೆ, ಆದರೆ ಬ್ಯಾಟರಿಯಲ್ಲಿ ಜಾಗ ಇರಬೇಕು. ಗುಡ್ಡದ ತಲೆಯ ಮೇಲೆ ನೂರಕ್ಕೆ ನೂರು ತುಂಬಿಸಿಕೊಂಡು ಇಳಿದರೆ ಅದೂ ಹೋಯಿತು, ಮೋಟಾರಿನ ಹಿಡಿತವೂ ಕಮ್ಮಿಯಾಗಿ ಇಡೀ ಭಾರ ಬ್ರೇಕ್ ಪ್ಯಾಡುಗಳ ಮೇಲೆ ಬೀಳುತ್ತದೆ.

ಇನ್ನು ಜಾಗದ ಪ್ರಶ್ನೆ. ಡೀಸೆಲ್ ಬಂಕಿನಲ್ಲಿ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ಹೊರಬೀಳಬಹುದು. ಚಾರ್ಜರುಗಳಲ್ಲಿ ಹೆಚ್ಚಿನವು ಕಾರು ಪಾರ್ಕಿಂಗಿನ ಗೂಡುಗಳು. ಲೈಟ್ನಿಂಗ್, ರಿವಿಯನ್ ಪಿಕಪ್ಪುಗಳ ಚಾರ್ಜಿಂಗ್ ಪೋರ್ಟ್ ಎಡಮುಂಭಾಗದಲ್ಲಿದೆ, ಮೂತಿ ತೂರಿಸಿದರೆ ಕೇಬಲ್ ತಲುಪೀತು. ಬಾಲ ಮಾತ್ರ ಓಡಾಡುವ ದಾರಿಗೆ ಅಡ್ಡ. ಸಿಲ್ವರಾಡೊ ಇವಿ ಅನ್ನುವ ಇನ್ನೊಂದು ಎಲೆಕ್ಟ್ರಿಕ್ ಪಿಕಪ್ಪಿನದು ಎಡಹಿಂಭಾಗ, ಟ್ರೈಲರ್ ಬಿಚ್ಚದೆ ಹಿಂದಕ್ಕೆ ತೂರಿಸುವ ಮಾತೇ ಇಲ್ಲ.

ಬಿಚ್ಚಿ ಕಟ್ಟುವುದೇನು ಮಹಾ ಅನ್ನುವವರಿದ್ದಾರೆ. ಮೊದಲು ಟ್ರೈಲರಿನ ಚಕ್ರಗಳಿಗೆ ಎರಡೂ ಕಡೆ ಉರುಳದಂತೆ ಅಡ್ಡ ತುಂಡು ಕೊಡಬೇಕು. ಇದನ್ನು ಮರೆತು ಗಾಡಿಗೆ ಜೋಡಿಸುವ ಕಪ್ಲರ್ ಎತ್ತಿದರೆ, ಕಣ್ಣಿಗೆ ಕಾಣದ ಇಳಿಜಾರಿದ್ದರೂ ಟ್ರೈಲರ್ ಉರುಳುತ್ತದೆ. ಆಮೇಲೆ ಜಾಕ್ ಎತ್ತಿ ಭಾರ ಹಂಚುವ ಸ್ಪ್ರಿಂಗ್ ಬಾರ್ ಕಳಚಬೇಕು, ದೀಪ-ಬ್ರೇಕಿನ ಏಳು ಪಿನ್ನಿನ ಪ್ಲಗ್, ಟ್ರೈಲರ್ ಕಳಚಿಕೊಂಡರೆ ಬ್ರೇಕ್ ಹಾಕುವ ಬ್ರೇಕ್‌ಅವೇ ತಂತಿ, ಸರಪಳಿ ತೆಗೆಯಬೇಕು. ಹೊರಡುವಾಗ ಇದೆಲ್ಲ ತಿರುವುಮುರುವು. ಏನಿಲ್ಲವೆಂದರೂ ಇಪ್ಪತ್ತು ನಿಮಿಷ. ಆದ್ದರಿಂದ 350 ಕಿಲೋವ್ಯಾಟ್ ಅಂತ ಬೋರ್ಡ್ ಹಾಕಿದ ಗೂಡಿಗಿಂತ ನೇರ ನುಗ್ಗಿ ಹೊರಡಬಹುದಾದ 150ರದ್ದೇ ನನಗೆ ಮೇಲು. ಲೈಟ್ನಿಂಗ್ ಹೇಗೂ ತೆಗೆದುಕೊಳ್ಳುವುದೇ ಸುಮಾರು 150. ಚಾರ್ಜರ್ ಹುಡುಕುವ ಪ್ಲಗ್‌ಶೇರ್ ಆ್ಯಪಿನ ಫೋಟೋ, ಉಪಗ್ರಹ ನಕ್ಷೆ ಎರಡನ್ನೂ ಹಿಂದಿನ ರಾತ್ರಿಯೇ ನೋಡಿಟ್ಟುಕೊಳ್ಳಿ. ಪೈಲಟ್, ಫ್ಲೈಯಿಂಗ್ ಜೆ ಬಂಕುಗಳಲ್ಲಿ ಹೊಸದಾಗಿ ಹಾಕಿರುವ ಹಲವು ಚಾರ್ಜರುಗಳಿಗೆ ಹೀಗೆ ನುಗ್ಗಿ ಹೊರಡುವ ಸಾಲುಗಳಿವೆ.

ರಾತ್ರಿ ತಂಗಲು ಆರ್‌ವಿ ಪಾರ್ಕ್, ಅಂದರೆ ಕ್ಯಾಂಪರ್ ನಿಲ್ಲಿಸಿ ಉಳಿಯುವ ತಾಣ, ಹಿಡಿದರೆ ಅರ್ಧ ಗೆದ್ದಂತೆ. 50 ಆಂಪಿಯರ್ ಸಾಕೆಟ್ಟಿನಲ್ಲಿ 32 ಆಂಪಿಯರ್ ಎಳೆದರೂ ಗಂಟೆಗೆ ಏಳೂವರೆ ಯೂನಿಟ್, ಹತ್ತು ಗಂಟೆಗೆ 75. ಆದರೆ ಬುಕ್ ಮಾಡುವ ಮುಂಚೆ ಫೋನಿನಲ್ಲಿ ಎರಡು ವಿಷಯ ಕೇಳಿ: ಗಾಡಿ ಚಾರ್ಜ್ ಮಾಡಲು ಬಿಡುತ್ತಾರಾ, ಮತ್ತು ಅದೇ ಕಂಬದಲ್ಲಿ ಟ್ರೈಲರಿಗೆ 30 ಆಂಪಿಯರಿನ ಬೇರೆ ಸಾಕೆಟ್ ಇದೆಯಾ. ಇಲ್ಲದಿದ್ದರೆ ಟ್ರೈಲರಿನ ಎಸಿಯೋ, ಗಾಡಿಯೋ, ಯಾವುದಾದರೂ ಒಂದು. ಗಾಡಿಯನ್ನು 30ಕ್ಕೆ ಹಾಕುತ್ತೇನೆ ಅಂದರೆ ಅದು 120 ವೋಲ್ಟಿನದು, ಅಡಾಪ್ಟರ್ ಬೇರೆ ಬೇಕು. ಇಡೀ ರಾತ್ರಿಗೆ 30 ಯೂನಿಟ್ಟೂ ಸಿಗುವುದಿಲ್ಲ.