ಒಗರು ಬಲ್ಲವರಿಗೆ ಅಗ್ಗದ ಕೆಂಪು ವೈನ್

ಕೆಂಪು ವೈನಿನ ಬಾಟಲಿ ತಿರುಗಿಸಿ ಹಿಂದಿನ ಲೇಬಲ್ ಓದಿದರೆ ಚೆರ್ರಿ, ಪ್ಲಮ್, ತಂಬಾಕು, ಹದ ಮಾಡಿದ ಚರ್ಮ, ಚಾಕೊಲೇಟ್ ಎಂದು ವಾಸನೆಗಳ ಸಾಲು ಸಿಗುತ್ತದೆ. ಇಂಗ್ಲಿಷಿನಲ್ಲಿ ವೈನ್ ಬಗ್ಗೆ ಮಾತಾಡುವ ರೂಢಿಯೇ ಹಾಗೆ. ಆದರೆ ಕೊಳ್ಳುವವರಿಗೆ ಬೇಕಾದ ಸಂಗತಿ ಅದರಲ್ಲಿ ಇರುವುದಿಲ್ಲ: ಇದು ಹುಳಿಯೋ, ಒಗರೋ, ಒಳಗೊಳಗೇ ಸಿಹಿಯೋ, ಗಂಟಲಲ್ಲಿ ಘಾಟು ಎದ್ದೀತೋ? ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರಲ್ಲಿ ಎಷ್ಟೋ ಜನ ಆ ಸಾಲುಗಳನ್ನು ಓದಿ, ಇದು ತಮಗೆ ದಕ್ಕದ ವಿದ್ಯೆ ಎಂದುಕೊಂಡು, ಒಂದೋ ದುಬಾರಿಯದನ್ನು ಇಲ್ಲವೇ ಚಂದದ ಚಿತ್ರವಿರುವುದನ್ನು ಎತ್ತಿಕೊಂಡು ಬರುತ್ತಾರೆ. ಕೆಂಪು ವೈನನ್ನು ಅಳೆಯಲು ಬೇಕಾದ ಮುಖ್ಯ ಪದ ಕನ್ನಡದ ಪ್ರತಿ ಮನೆಯಲ್ಲೂ ಇದೆ. ಅದು ಒಗರು. ಇಂಗ್ಲಿಷಿನಲ್ಲಿ ಅದಕ್ಕೆ ಪುಸ್ತಕದ ಪದ ಉಂಟು, ಅಡುಗೆಮನೆಯ ಪದ ಇಲ್ಲ. ಅಗ್ಗದ ಬೆಲೆಯಲ್ಲಿ ಒಳ್ಳೆಯ ವೈನ್ ಹುಡುಕುವವರು ವಾಸನೆಯ ಪಟ್ಟಿಯನ್ನು ಬದಿಗಿಟ್ಟು ಹುಳಿ, ಒಗರು, ಸಿಹಿ, ಘಾಟು ಈ ನಾಲ್ಕನ್ನೇ ಹಿಡಿದುಕೊಳ್ಳಬೇಕು ಎಂಬುದು ನನ್ನ ಗಟ್ಟಿ ಅನಿಸಿಕೆ.

ಒಗರು ಬರುವುದು ಟ್ಯಾನಿನ್ ಎಂಬ ಪದಾರ್ಥದಿಂದ. ದ್ರಾಕ್ಷಿಯ ಸಿಪ್ಪೆ, ಬೀಜ, ತೊಟ್ಟು ಮೂರರಲ್ಲೂ ಅದಿದೆ. ಕೆಂಪು ವೈನ್ ಮಾಡುವಾಗ ರಸವನ್ನು ಸಿಪ್ಪೆಯ ಜೊತೆಗೇ ಹುದುಗಿಸುವುದರಿಂದ ಬಣ್ಣದ ಸಂಗಡ ಒಗರೂ ಇಳಿಯುತ್ತದೆ. ಎಂಜಲಿನಲ್ಲಿರುವ ಪ್ರೋಟೀನಿಗೆ ಅದು ಅಂಟಿಕೊಂಡಾಗ ಬಾಯಿಯ ನುಣುಪು ಹೋಗಿ, ಒಸಡು ಮತ್ತು ಕೆನ್ನೆಯ ಒಳಭಾಗ ಒಣಗಿದಂತಾಗುತ್ತದೆ. ಹತ್ತು ನಿಮಿಷ ಸೊಪ್ಪು ನೆನೆದ, ಹಾಲು ಹಾಕದ ಚಹಾ ಕುಡಿದಾಗ ಆಗುವುದೂ ಇದೇ. ಪರೀಕ್ಷೆ ಸುಲಭ. ಒಂದು ಗುಟುಕನ್ನು ಬಾಯಲ್ಲಿ ಐದು ಸೆಕೆಂಡ್ ಆಡಿಸಿ ನುಂಗಿ, ಆಮೇಲೆ ಮೇಲಿನ ಒಸಡಿನ ಮೇಲೆ ನಾಲಿಗೆ ಸವರಿ. ನುಣ್ಣನೆಯ ಹಿಟ್ಟಿನ ಹಾಗೆ ತಾಕಿ ಸ್ವಲ್ಪ ಹೊತ್ತಿನಲ್ಲಿ ಕರಗಿದರೆ ಹಣ್ಣು ಚೆನ್ನಾಗಿ ಮಾಗಿತ್ತು. ಉಪ್ಪುಕಾಗದದ ಹಾಗೆ ಒರಟಾಗಿ ಉಳಿದು ಕೊನೆಗೆ ಕಹಿ ಬಿಟ್ಟರೆ, ಬೀಜ ಬಲಿಯುವ ಮೊದಲೇ ಕೊಯ್ದಿರಬಹುದು, ಇಲ್ಲವೇ ಹಿಪ್ಪೆಯನ್ನು ಮಿತಿಮೀರಿ ಹಿಂಡಿರಬಹುದು.

ಹುಳಿಗೆ ಬೇರೆ ಪರೀಕ್ಷೆ. ನುಂಗಿದ ಮೇಲೆ ತುಸು ತಲೆ ಬಗ್ಗಿಸಿ ಕಾಯಿರಿ. ನಾಲಿಗೆಯ ಅಡಿಯಿಂದ ನೀರು ಒಸರಿದಷ್ಟೂ ಹುಳಿ ಹೆಚ್ಚು. ಹುಳಿಯಿಲ್ಲದ ವೈನ್ ಒಂದು ಲೋಟಕ್ಕೇ ಸಾಕೆನಿಸುತ್ತದೆ. ಬಿಸಿಲಿನ ಸೀಮೆಯಲ್ಲಿ ಹಣ್ಣಿನ ಹುಳಿ ಬೇಗ ಇಳಿದು ಸಕ್ಕರೆ ಏರುತ್ತದೆ, ಆ ಸಕ್ಕರೆಯೇ ಆಲ್ಕೊಹಾಲ್ ಆಗುತ್ತದೆ. ಹಾಗಾಗಿ ಲೇಬಲ್ ಮೇಲೆ 12.5 ಪ್ರತಿಶತ ಎಂದಿದ್ದರೆ ತೆಳುವಾದ, ಹುಳಿ ಎದ್ದು ಕಾಣುವ ವೈನ್ ಎಂದು ಊಹಿಸಬಹುದು. 14.5 ಎಂದಿದ್ದರೆ ಮೈತುಂಬಿದ, ಘಾಟಿನದು. ಖಾರದ ಊಟದ ಜೊತೆ ಈ ಎರಡನೆಯ ಬಗೆ ಬೇಡ. ಆಲ್ಕೊಹಾಲ್ ಖಾರದ ಉರಿಯನ್ನು ಕೆದಕುತ್ತದೆ, ಒಗರು ಅದನ್ನು ಇನ್ನಷ್ಟು ಒರಟಾಗಿಸುತ್ತದೆ.

ಇನ್ನು ಸಿಹಿ. ಅಗ್ಗದ ವೈನಿನ ದೊಡ್ಡ ಮರೆಮಾಚು ಇರುವುದು ಇಲ್ಲಿಯೇ. ಹಣ್ಣು ಸಪ್ಪೆಯಾಗಿದ್ದರೆ, ಒಗರು ಒರಟಾಗಿದ್ದರೆ, ಲೀಟರಿಗೆ ಹತ್ತು ಗ್ರಾಂ ಸಕ್ಕರೆ ಉಳಿಸಿದರೆ ಸಾಕು, ಮೊದಲ ಗುಟುಕು ಹಿತವಾಗಿ ಬಿಡುತ್ತದೆ. ದೊಡ್ಡ ಪ್ರಮಾಣದಲ್ಲಿ ತಯಾರಾಗುವ ಎಷ್ಟೋ ಕೆಂಪು ವೈನ್‌ಗಳ ಮೃದುತನದ ಗುಟ್ಟು ಇದು. ಎರಡನೆಯ ಲೋಟದ ಹೊತ್ತಿಗೆ ಬಾಯಿ ಅಂಟಂಟಾಗುತ್ತದೆ. ತಯಾರಕರು ತಮ್ಮ ಜಾಲತಾಣದಲ್ಲಿ ಕೊಡುವ ತಾಂತ್ರಿಕ ವಿವರದಲ್ಲಿ ಉಳಿಕೆ ಸಕ್ಕರೆಯ ಅಂಕಿ ಸಿಕ್ಕಿದರೆ ನೋಡಿ: ಲೀಟರಿಗೆ 4 ಗ್ರಾಂಗಿಂತ ಕಡಿಮೆಯಿದ್ದರೆ ಸಕ್ಕರೆಯ ಮುಸುಕಿಲ್ಲದ ವೈನ್.

ಬೆಲೆ ಎಲ್ಲಿ ಹೋಗುತ್ತದೆ ಎಂಬುದನ್ನು ಅರಿತರೆ ಅಂಗಡಿಯಲ್ಲಿ ಯಾವ ಅರೆಯ ಮುಂದೆ ನಿಲ್ಲಬೇಕೆಂದು ತಿಳಿಯುತ್ತದೆ. ಗಾಜು, ಮುಚ್ಚಳ, ಲೇಬಲ್, ಪೆಟ್ಟಿಗೆ, ಸಾಗಣೆ ಇವುಗಳ ಖರ್ಚು ಸಾಮಾನ್ಯ ವೈನಿಗೂ ಒಳ್ಳೆಯ ವೈನಿಗೂ ಹೆಚ್ಚುಕಡಿಮೆ ಒಂದೇ. ಸುಂಕವನ್ನು ಬಾಟಲಿಯ ಲೆಕ್ಕದಲ್ಲಿ ಹಾಕುವ ದೇಶಗಳಲ್ಲಂತೂ ತೀರಾ ಅಗ್ಗದ ಬಾಟಲಿಯಲ್ಲಿ ದ್ರಾಕ್ಷಿಗೆ ಸಲ್ಲುವ ಪಾಲು ಚೂರೇ ಚೂರು. ಅಲ್ಲಿಂದ ಒಂದೆರಡು ಮೆಟ್ಟಿಲು ಮೇಲೇರಿದರೆ ಹೆಚ್ಚಿಗೆ ಕೊಟ್ಟ ಹಣದ ಬಹುಪಾಲು ವೈನಿಗೇ ಹೋಗುತ್ತದೆ. ಅದಕ್ಕೂ ಮೇಲೆ ಹೋದರೆ ಹೆಸರಿಗೆ, ನೆಲದ ಬೆಲೆಗೆ, ವೈನ್ ಇಡುವ ಹೊಸ ಓಕ್ ಮರದ ಪೀಪಾಯಿಗೆ ಹಣ ತೆರುತ್ತೀರಿ. ಫ್ರಾನ್ಸಿನ ಬೋರ್ಡೋ ಸೀಮೆಯ ಮಾದರಿಯ ಪೀಪಾಯಿ 225 ಲೀಟರಿನದು, ಅಂದರೆ 300 ಬಾಟಲಿ. ಅದನ್ನು ಹೊಸದಾಗಿ ಕೊಂಡ ಖರ್ಚನ್ನು ಆ 300 ಬಾಟಲಿಗಳ ಮೇಲೇ ಹಂಚಬೇಕು, ಅಗ್ಗದ ವೈನಿಗೆ ಅದು ಸಾಧ್ಯವಿಲ್ಲ. ಅಂಥ ಬಾಟಲಿಯಲ್ಲಿ ವೆನಿಲಾ ವಾಸನೆ ಗಮ್ಮೆಂದರೆ ಅದು ಬಹುಮಟ್ಟಿಗೆ ಉಕ್ಕಿನ ತೊಟ್ಟಿಯಲ್ಲಿ ನೆನೆಹಾಕಿದ ಓಕ್ ಚೂರುಗಳದ್ದು. ಅಗ್ಗದ ಬೆಲೆಯಲ್ಲಿ ಓಕ್ ಸೋಕದ ವೈನೇ ಹೆಚ್ಚು ಪ್ರಾಮಾಣಿಕ.

ವೈನಿಗೆ ಹೆಸರಿಡುವ ದಾರಿ ಎರಡು. ಫ್ರಾನ್ಸ್, ಇಟಲಿ, ಸ್ಪೇನ್‌ಗಳಲ್ಲಿ ಹೆಚ್ಚಾಗಿ ಊರಿನ ಹೆಸರು. ಚಿಲಿ, ಅರ್ಜೆಂಟೀನಾ, ಆಸ್ಟ್ರೇಲಿಯಾ, ಅಮೆರಿಕಗಳಲ್ಲಿ ತಳಿಯ ಹೆಸರು. ತಳಿಯ ಹೆಸರು ಓದಲು ಸುಲಭ, ಆದರೆ ಅದು ಹೇಳುವುದು ಕಡಿಮೆ. ಯುರೋಪಿನ ಒಕ್ಕೂಟದಲ್ಲಿ ಒಂದು ತಳಿಯ ಹೆಸರು ಹಾಕಬೇಕಾದರೆ 85 ಪ್ರತಿಶತ ಆ ಹಣ್ಣಿರಬೇಕು, ಅಮೆರಿಕದಲ್ಲಿ ಸಾಮಾನ್ಯವಾಗಿ 75 ಸಾಕು. ಎಲ್ಲಿ ಬೆಳೆಯಿತು ಎಂಬುದು ಮಾತ್ರ ದೊಡ್ಡದೊಂದು ಸೀಮೆಯ ಹೆಸರಿನಲ್ಲಿ ಕರಗಿಹೋಗಬಹುದು. ಊರಿನ ಹೆಸರು ಕಲಿಯಲು ಕಷ್ಟ, ಆದರೆ ಅದರ ಹಿಂದೆ ತಳಿ, ಇಳುವರಿ, ಕೆಲವೆಡೆ ಎಷ್ಟು ಕಾಲ ಇಡಬೇಕು ಎಂಬ ಕಟ್ಟಳೆಯೂ ಇರುತ್ತದೆ. ಅಗ್ಗದ ವೈನ್ ಹುಡುಕುವವರಿಗೆ ಊರಿನ ದಾರಿಯೇ ಲಾಭ ಎನ್ನುತ್ತೇನೆ. ಕಾರಣ ಸರಳ. ಹೆಸರುವಾಸಿಯಾದ ಊರಿನ ಪಕ್ಕದಲ್ಲಿ ಹೆಸರಾಗದ ಊರು ಇದ್ದೇ ಇರುತ್ತದೆ, ಬಿಸಿಲು ಅದೇ, ಹಣ್ಣು ಅದೇ.

ಫ್ರಾನ್ಸಿನ ರೋನ್ ಕಣಿವೆಯ ದಕ್ಷಿಣ ಭಾಗ ಇದಕ್ಕೆ ಒಳ್ಳೆಯ ಉದಾಹರಣೆ. ಶಾತೋನಫ್-ದ್ಯು-ಪಾಪ್ 1936ರಷ್ಟು ಹಿಂದೆಯೇ ಕಾನೂನಿನ ಗಡಿ ಪಡೆದ ಊರು, ಬೆಲೆ ಅದಕ್ಕೆ ತಕ್ಕ ಹಾಗೆ. ಸುತ್ತಲಿನ ಕೋತ್ ದ್ಯು ರೋನ್ ವಿಲಾಜ್, ಲಿರಾಕ್, ವಾಕೇರಾಸ್‌ಗಳಲ್ಲೂ ಅದೇ ಗ್ರೆನಾಶ್, ಸಿರಾ ತಳಿಗಳು ಬೆಳೆಯುತ್ತವೆ, ಬೆಲೆ ಬಹಳ ಕೆಳಗೆ. ಇನ್ನೂ ಪಶ್ಚಿಮಕ್ಕೆ ಹೋದರೆ ಲಾಂಗ್‌ಡಾಕ್. ಅಲ್ಲಿನ ಕೋರ್ಬಿಯೇರ್, ಮಿನರ್ವ್ವಾ, ಸಾಂ ಶಿನ್ಯಾಂ ಹೆಸರಿನ ಬಾಟಲಿಗಳು ಕೊಟ್ಟ ಹಣಕ್ಕೆ ಮೋಸವಿಲ್ಲದವು. ಒಗರು ಕಡಿಮೆ, ಹುಳಿ ಹೆಚ್ಚು ಬೇಕೆನ್ನುವವರಿಗೆ ಗಾಮೇ ಹಣ್ಣಿನ ಬೋಜಲೇ ವಿಲಾಜ್ ಇದೆ. ಹೊಸದಾಗಿ ಕೆಂಪು ವೈನ್ ಕುಡಿಯುವವರು ಅಲ್ಲಿಂದ ಶುರುಮಾಡಿದರೆ ಒಗರಿಗೆ ಮುಖ ಕಿವುಚಬೇಕಾಗುವುದಿಲ್ಲ.

ಸ್ಪೇನ್ ನನ್ನ ಮೊದಲ ಆಯ್ಕೆ. ಫ್ರಾನ್ಸಿನ ಗ್ರೆನಾಶ್ ಅಲ್ಲಿ ಗಾರ್ನಾಚಾ. ಕಾಂಪೊ ದೆ ಬೋರ್ಹಾ, ಕಲತಾಯುದ್‌ಗಳ ಒಣಭೂಮಿಯಲ್ಲಿ ಹಳೆಯ ಬಳ್ಳಿಗಳು ಚಪ್ಪರವಿಲ್ಲದೆ ಪೊದೆಯ ಹಾಗೆ ನಿಂತಿವೆ. ಕಾಯಿ ಕಡಿಮೆ, ರಸ ಗಾಢ. ಒಗರು ಇನ್ನೂ ಬೇಕಾದರೆ ಹುಮೀಯಾ, ಯೆಕ್ಲಾ ಕಡೆಯ ಮೊನಾಸ್ತ್ರೆಲ್ ತಳಿ. ವೈನನ್ನು ಎಷ್ಟು ಕಾಲ ಇಟ್ಟಿದ್ದಾರೆಂದು ಹೇಳುವ ರಿಯೋಹಾ ಸೀಮೆಯ ಏಣಿಯನ್ನು ಮಾತ್ರ ಬಾಯಿಪಾಠ ಮಾಡಿಕೊಳ್ಳಿ. ಕ್ರಿಯಾನ್ಸಾ ಎಂದರೆ ಕೊಯ್ಲಾಗಿ ಎರಡು ವರ್ಷ, ಅದರಲ್ಲಿ ಒಂದು ವರ್ಷ ಓಕ್ ಪೀಪಾಯಿಯಲ್ಲಿ. ರೆಸೆರ್ವಾ ಎಂದರೆ ಮೂರು ವರ್ಷ, ಅದರಲ್ಲೂ ಪೀಪಾಯಿಯ ಕಾಲ ಕನಿಷ್ಠ ಒಂದು ವರ್ಷ. ಗ್ರಾನ್ ರೆಸೆರ್ವಾ ಎಂದರೆ ಐದು ವರ್ಷ, ಅದರಲ್ಲಿ ಕನಿಷ್ಠ ಎರಡು ವರ್ಷ ಪೀಪಾಯಿಯಲ್ಲಿ, ಎರಡು ವರ್ಷ ಬಾಟಲಿಯಲ್ಲಿ. ಕಾಯುವ ಕೆಲಸವನ್ನು ಅವರೇ ಮುಗಿಸಿ ಕೊಡುತ್ತಾರೆ. ಇದೇ ‘ರಿಸರ್ವ್’ ಪದ ಅಮೆರಿಕದ ಲೇಬಲ್ ಮೇಲಿದ್ದರೆ ಅದಕ್ಕೆ ಅಲ್ಲಿನ ಒಕ್ಕೂಟ ಕಾನೂನಿನಲ್ಲಿ ಯಾವ ವ್ಯಾಖ್ಯೆಯೂ ಇಲ್ಲ. ಫ್ರಾನ್ಸಿನಲ್ಲಿ ‘ಹಳೆಯ ಬಳ್ಳಿ’ ಎಂಬ ಮಾತಿಗೂ ಕಾನೂನಿನ ಅರ್ಥವಿಲ್ಲ.

ಇಟಲಿಯಲ್ಲಿ ಒಂದು ಹೆಸರಿನ ಗೊಂದಲ ಎಲ್ಲರನ್ನೂ ಕಾಡುತ್ತದೆ. ಮೊಂತೆಪುಲ್ಚಾನೊ ದಬ್ರುತ್ಸೊ ಎಂಬುದರಲ್ಲಿ ಮೊಂತೆಪುಲ್ಚಾನೊ ತಳಿಯ ಹೆಸರು. ವೀನೊ ನೋಬಿಲೆ ದಿ ಮೊಂತೆಪುಲ್ಚಾನೊ ಎಂಬುದರಲ್ಲಿ ಅದು ಟಸ್ಕನಿಯ ಊರು, ಒಳಗಿನ ಮುಖ್ಯ ಹಣ್ಣು ಸಾಂಜೊವೇಸೆ. ಎರಡಕ್ಕೂ ನಂಟಿಲ್ಲ. ಮೊದಲನೆಯದು ಅಗ್ಗ, ಬಣ್ಣ ಗಾಢ, ಒಗರು ಮೆತ್ತಗೆ, ನಿತ್ಯದ ಊಟಕ್ಕೆ ಹೇಳಿಮಾಡಿಸಿದ್ದು. ಬಾರ್ಬೆರಾ ತಳಿ ಇನ್ನೊಂದು ತುದಿ: ಹುಳಿ ಜೋರು, ಒಗರು ಅತಿ ಕಡಿಮೆ.

ಪೋರ್ಚುಗಲ್ಲಿನ ದೋರು, ದಾವ್, ಅಲೆಂತೇಜು ಸೀಮೆಗಳ ವೈನ್‌ಗಳು ಜನರ ಕಣ್ಣಿಗೆ ಬೀಳದಿರುವುದಕ್ಕೆ ಕಾರಣ ತಳಿಗಳ ಅಪರಿಚಿತ ಹೆಸರು ಮಾತ್ರ. ಸ್ಪೇನಿನ ತೆಂಪ್ರಾನಿಯೊ ಹಣ್ಣೇ ದೋರುವಿನಲ್ಲಿ ತಿಂತಾ ರೋರಿಸ್, ಅಲೆಂತೇಜುವಿನಲ್ಲಿ ಅರಗೋನೇಸ್. ಧೈರ್ಯವಾಗಿ ಕೊಳ್ಳಿ.

ಚಿಲಿಯ ಕಾರ್ಮೆನೇರ್ ಕಥೆ ತಳಿಯ ಹೆಸರನ್ನು ಕಣ್ಣುಮುಚ್ಚಿ ನಂಬುವವರಿಗೆ ಒಳ್ಳೆಯ ಪಾಠ. ಅಲ್ಲಿ ಮೆರ್ಲೋ ಎಂದು ಬೆಳೆದು ಮಾರುತ್ತಿದ್ದ ಬಳ್ಳಿಗಳಲ್ಲಿ ಬಹಳಷ್ಟು ಮೆರ್ಲೋ ಅಲ್ಲ, ಬೋರ್ಡೋದಲ್ಲಿ ಹೆಚ್ಚುಕಡಿಮೆ ಮರೆಯಾಗಿದ್ದ ಕಾರ್ಮೆನೇರ್ ಎಂದು 1994ರಲ್ಲಿ ಫ್ರೆಂಚ್ ದ್ರಾಕ್ಷಿತಜ್ಞ ಜಾನ್ ಮಿಶೆಲ್ ಬೂರ್ಸಿಕೋ ಗುರುತಿಸಿದರು. ಈ ಹಣ್ಣು ಮೆರ್ಲೋಗಿಂತ ವಾರಗಟ್ಟಲೆ ತಡವಾಗಿ ಮಾಗುತ್ತದೆ. ಎರಡನ್ನೂ ಒಟ್ಟಿಗೆ ಕೊಯ್ಯುತ್ತಿದ್ದುದರಿಂದ ವೈನಿನಲ್ಲಿ ಹಸಿ ದೊಣ್ಣೆಮೆಣಸಿನಕಾಯಿಯ ವಾಸನೆ ಸೇರುತ್ತಿತ್ತು. ಈಗಲೂ ಅಗ್ಗದ ಕಾರ್ಮೆನೇರ್‌ನಲ್ಲಿ ಆ ವಾಸನೆ ಮೂಗಿಗೆ ಹೊಡೆದರೆ ಹಣ್ಣು ಮಾಗಿರಲಿಲ್ಲ ಎಂದು ತಿಳಿಯಿರಿ. ಅರ್ಜೆಂಟೀನಾದ ಮೆಂಡೋಸಾ ಸೀಮೆಯ ಮಾಲ್ಬೆಕ್ ತಳಿಗೆ ಆ ಭಯ ಕಡಿಮೆ. ಬಿಸಿಲು ಧಾರಾಳ, ಎತ್ತರದ ತೋಟಗಳಲ್ಲಿ ರಾತ್ರಿಯ ತಂಪು ಹುಳಿಯನ್ನು ಉಳಿಸುತ್ತದೆ.

ಅಗ್ಗದಲ್ಲಿ ಕೊಳ್ಳಲೇಬಾರದ್ದು ಎಂದು ನಾನು ಹೇಳುವುದು ಪೀನೋ ನ್ವಾರ್ ತಳಿಯ ವೈನ್. ಸಿಪ್ಪೆ ತೆಳು, ರೋಗ ಬೇಗ, ಇಳುವರಿ ಹೆಚ್ಚಿಸಿದರೆ ರುಚಿ ನೀರಾಗುತ್ತದೆ. ಕಡಿಮೆ ಬೆಲೆಗೆ ಅದನ್ನು ಚೆನ್ನಾಗಿ ಮಾಡುವುದು ಬಲು ಕಷ್ಟ. ಬರೀ ‘ಬೋರ್ಡೋ’ ಎಂದಷ್ಟೇ ಬರೆದ ಅತಿ ಅಗ್ಗದ ಬಾಟಲಿಯೂ ಅಷ್ಟೆ, ತಂಪು ವರ್ಷದಲ್ಲಿ ಕಾಯಿ ಒಗರು ಉಳಿದುಬಿಡುತ್ತದೆ.

ಅಂಗಡಿಯಲ್ಲಿ ನೋಡಬೇಕಾದ್ದು ಕೆಲವಿವೆ. ವಿಮರ್ಶಕರು ನೂರಕ್ಕೆ 92 ಅಂಕ ಕೊಟ್ಟರೆಂದು ಅರೆಗೆ ಅಂಟಿಸಿದ ಚೀಟಿಯಲ್ಲಿ ಯಾವ ಕೊಯ್ಲಿನ ವರ್ಷ ಬರೆದಿದೆ, ಬಾಟಲಿಯ ಮೇಲೆ ಯಾವ ವರ್ಷ ಇದೆ ಎಂದು ಹೋಲಿಸಿ. ಹಳೆಯ ವರ್ಷದ ಅಂಕದ ಚೀಟಿಯ ಕೆಳಗೆ ಹೊಸ ವರ್ಷದ ಬಾಟಲಿ ಕೂತಿರುವುದು ಅಪರೂಪವಲ್ಲ. ಓಕ್ ಸೋಕದ ಅಗ್ಗದ ಕೆಂಪು ವೈನ್ ಕೊಯ್ಲಾದ ಮೂರು ವರ್ಷದೊಳಗೆ ಇದ್ದರೆ ಒಳ್ಳೆಯದು. ಬಾಟಲಿ ಭಾರವಾಗಿದ್ದರೆ ಗಾಜು ದಪ್ಪವಿದೆ ಅಷ್ಟೆ. ಕಾರ್ಕ್ ಬಾಯಿಗಿಂತ ಮೇಲೆ ಉಬ್ಬಿದ್ದರೆ, ಕುತ್ತಿಗೆಯಲ್ಲಿ ಅಂಟು ಜಿನುಗಿದ್ದರೆ, ಸಾಗಣೆಯಲ್ಲಿ ಬಿಸಿ ತಾಗಿದೆ, ಬಿಡಿ. ತಿರುಪಿನ ಮುಚ್ಚಳವನ್ನು ಕೀಳಾಗಿ ಕಾಣಬೇಡಿ, ಕಾರ್ಕಿನಿಂದ ಬರುವ ಒದ್ದೆ ರಟ್ಟಿನ ವಾಸನೆಯ ತೊಂದರೆ ಅದಕ್ಕಿಲ್ಲ. ಇನ್ನು, ಇಷ್ಟವಾದ ಬಾಟಲಿಯ ಹಿಂದೆ ಸಣ್ಣ ಅಕ್ಷರದಲ್ಲಿರುವ ಆಮದುದಾರರ ಹೆಸರನ್ನು ಬರೆದಿಟ್ಟುಕೊಳ್ಳಿ. ಒಳ್ಳೆಯ ಆಮದುದಾರರು ಒಂದೇ ರುಚಿಯಿಂದ ಆರಿಸುತ್ತಾರೆ, ಗುರುತಿಲ್ಲದ ಊರಿನ ಬಾಟಲಿಯ ಮುಂದೆ ನಿಂತಾಗ ಆ ಹೆಸರೇ ದಾರಿ ತೋರುತ್ತದೆ.

ಮನೆಗೆ ತಂದ ಮೇಲೆ ಆಗುವ ಸಾಮಾನ್ಯ ತಪ್ಪು ಶಾಖದ್ದು. ಕೆಂಪು ವೈನನ್ನು ಕೋಣೆಯ ಶಾಖದಲ್ಲಿ ಕುಡಿಯಬೇಕೆಂಬ ಮಾತು ತಣ್ಣನೆಯ ಕಲ್ಲಿನ ಮನೆಗಳ ಕಾಲದ್ದು. ಮೈತುಂಬಿದ ವೈನಿಗೆ 16ರಿಂದ 18 ಡಿಗ್ರಿ ಸೆಲ್ಸಿಯಸ್, ಗಾಮೇಯಂಥ ತೆಳು ವೈನಿಗೆ 13ರ ಆಸುಪಾಸು. 25 ಡಿಗ್ರಿಯಲ್ಲಿ ಘಾಟು ಮುಂದೆ ಬಂದು ಹಣ್ಣಿನ ರುಚಿ ಹಿಂದೆ ಸರಿಯುತ್ತದೆ. ಕುಡಿಯುವ ಮೊದಲು ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟರೆ ಅದೇ ಬಾಟಲಿ ಬೇರೆಯಾಗುತ್ತದೆ. ಅತಿಯಾಗಿ ತಣ್ಣಗೆ ಮಾಡಿದರೂ ಕೆಡುಕು, ಒಗರು ಒರಟಾಗುತ್ತದೆ. ತೆರೆದ ಕೂಡಲೇ ಕಡ್ಡಿ ಗೀರಿದ ಅಥವಾ ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಬರಿ ಬೇಡ. ಗಾಳಿಯಾಡದೆ ಮುಚ್ಚಿಟ್ಟಾಗ ಹುಟ್ಟುವ ಗಂಧಕದ ವಾಸನೆ ಅದು. ಜಗ್ಗಿಗೆ ಸುರಿದು ಇಪ್ಪತ್ತು ನಿಮಿಷ ಬಿಟ್ಟರೆ ಹಲವು ಸಲ ಹೋಗುತ್ತದೆ. ಒದ್ದೆ ರಟ್ಟಿನ ವಾಸನೆ ಗಾಳಿಗೆ ಹೋಗುವುದಿಲ್ಲ, ಇನ್ನೂ ಜೋರಾಗಿ ಕಾಣುತ್ತದೆ. ಅದನ್ನು ಅಂಗಡಿಗೆ ಮರಳಿಸಿ.

ಕೊನೆಯದಾಗಿ ಆಯ್ಕೆಯ ವಿಧಾನ. ಬೆಲೆ ಕಂಡರೆ ನಾಲಿಗೆ ಮೋಸಹೋಗುತ್ತದೆ. 2008ರಲ್ಲಿ ಪ್ರಕಟವಾದ ಅಮೆರಿಕದ ಕ್ಯಾಲ್ಟೆಕ್ ಮತ್ತು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಗಳ ಸಂಶೋಧಕರ ಪ್ರಯೋಗದಲ್ಲಿ ಒಂದೇ ವೈನಿಗೆ ಹೆಚ್ಚು ಬೆಲೆ ಹೇಳಿದಾಗ ಜನ ಅದನ್ನೇ ಹೆಚ್ಚು ಮೆಚ್ಚಿದರು, ಮಿದುಳಿನ ಸ್ಕ್ಯಾನ್‌ನಲ್ಲೂ ಆ ವ್ಯತ್ಯಾಸ ಕಂಡಿತು. ಆದ್ದರಿಂದ ಮೂರು ಊರಿನ ಮೂರು ಬಾಟಲಿ ತಂದು, ಬೇರೆಯವರಿಂದ ಕಾಗದ ಸುತ್ತಿಸಿ ನಂಬರು ಹಾಕಿಸಿ. ಒಂದೇ ಬಗೆಯ ಲೋಟಗಳಿಗೆ 50 ಮಿಲಿಲೀಟರ್‌ನಷ್ಟು ಸುರಿದು, ಹುಳಿ, ಒಗರು, ಸಿಹಿ, ಘಾಟುಗಳಿಗೆ ಒಂದರಿಂದ ಐದರವರೆಗೆ ಅಂಕ ಬರೆಯಿರಿ. ಮೊದಲು ಖಾಲಿ ಬಾಯಿಗೆ, ಆಮೇಲೆ ಊಟದ ಜೊತೆ. ಉಳಿದದ್ದನ್ನು 375 ಮಿಲಿಲೀಟರಿನ ಸಣ್ಣ ಬಾಟಲಿಗೆ ಕುತ್ತಿಗೆಯವರೆಗೆ ತುಂಬಿ, ಬಿಗಿಯಾಗಿ ಮುಚ್ಚಿ ಫ್ರಿಜ್‌ನಲ್ಲಿಡಿ. ಮರುದಿನ ಇನ್ನೊಮ್ಮೆ ರುಚಿ ನೋಡಿ. ಸಕ್ಕರೆಯಿಂದ ಮೃದುವಾದದ್ದು ಅಷ್ಟರಲ್ಲಿ ಸಪ್ಪೆಯಾಗಿ ಸಿಹಿಯೊಂದೇ ಉಳಿದಿರುತ್ತದೆ, ಹಣ್ಣು ಸರಿಯಿದ್ದದ್ದು ಹುಳಿ ಬಿಡದೆ ಒಗರು ಇನ್ನಷ್ಟು ಹದವಾಗಿರುತ್ತದೆ. ಅದು ಯಾವುದೋ ಅದನ್ನೇ, ಅದೇ ವರ್ಷದ್ದನ್ನೇ, ಅಂಗಡಿಯಲ್ಲಿ ಮುಗಿಯುವ ಮೊದಲು ಆರು ಬಾಟಲಿ ತಂದಿಟ್ಟುಕೊಳ್ಳಿ.