ಒಂದು ಬಾಟಲಿ ಹಾಲಿಗೆ ಇಷ್ಟೊಂದು ಸರ್ಕಸ್ಸು!

ಮಗುವಿನ ಜೊತೆ ಎರಡು ಗಂಟೆ ಹೊರಗೆ ಹೋಗಬೇಕೆಂದರೆ ನನ್ನ ಹೆಗಲಿಗೆ ಅರ್ಧ ಅಡುಗೆಮನೆಯೇ ಬಂದು ಕೂರುತ್ತದೆ. ಕುದಿಸಿ ಒಣಗಿಸಿದ ಬಾಟಲಿ, ಮಗುವಿನ ಹಾಲಿನ ಪುಡಿಯ ಡಬ್ಬಿ, ಅಳತೆ ಚಮಚ, ಬಿಸಿನೀರಿನ ಫ್ಲಾಸ್ಕ್. ಪುಡಿಯಲ್ಲೇ ರೋಗಾಣು ಇರಬಹುದು, ಅದಕ್ಕೆ ನೀರು ಕನಿಷ್ಠ 70 ಡಿಗ್ರಿ ಸೆಲ್ಸಿಯಸ್ ಬಿಸಿ ಇರಬೇಕು. ಸರಿ, ಒಪ್ಪಿದೆ. ಆದರೆ ಅಷ್ಟು ಬಿಸಿ ಹಾಲು ಮಗುವಿನ ಬಾಯಿಗೆ ಇಡೋಕಾಗಲ್ಲ ಅಲ್ವಾ? ಆರಿಸಬೇಕು. ಎಲ್ಲಿ? ಶೌಚಾಲಯದ ಸಿಂಕಿನಲ್ಲಿ! ಒಂದು ಕೈಯಲ್ಲಿ ಬಾಟಲಿ, ಇನ್ನೊಂದರಲ್ಲಿ ಕಿರುಚುವ ಮಗು. ಅದೂ ಕೈ ಒಡ್ಡಿದರೆ ಮಾತ್ರ ನೀರು ಬಿಡುವ ನಲ್ಲಿ. ಬಾಟಲಿ ಒಡ್ಡಿದರೆ ಅದು ಕುರುಡು.

ಅದಕ್ಕೂ ಮುಂಚೆ ಚಮಚ ಎಣಿಸುವಾಗ ಯಾರೋ ಬಂದರು. "ಪಾಪ, ಹಸಿವಾಗಿದೆ ಅನ್ಸುತ್ತೆ." ಹೌದು, ನನಗೂ ಕಿವಿ ಇದೆ! ಮೂರನೆಯದೋ ನಾಲ್ಕನೆಯದೋ ಮರೆತೇ ಹೋಯಿತು. ಅಂದಾಜಿಗೆ ಹಾಕುವಂತಿಲ್ಲ, ಹಾಲು ಗಟ್ಟಿಯಾದರೂ ಕಷ್ಟ, ತೆಳ್ಳಗಾದರೂ ಕಷ್ಟ. ಚೆಲ್ಲಿ ಮತ್ತೆ ಶುರು.

ಕೊನೆಗೆ ಮಣಿಕಟ್ಟಿನ ಮೇಲೆ ಹನಿ ಬಿಟ್ಟು ನೋಡಿ ಕೊಟ್ಟೆ. ನಾಲ್ಕು ಗುಟುಕು ಕುಡಿದು ನಮ್ಮ ದೊರೆ ನಿದ್ದೆಗೆ ಜಾರಿದರು. ಬಾಯಿಟ್ಟ ಹಾಲು ಆಮೇಲಕ್ಕೆ ಇಡುವಂತಿಲ್ಲ. ಮತ್ತೆ ಅದೇ ಸಿಂಕು.